ನನ್ನ ತೂಕದಷ್ಟು ಬೆಲ್ಲ

ನಾನು ಅಜ್ಜಿಯಾದೆ!

ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ಹೆಣ್ಣು ಮಗು. ಕೆಂಪಗೆ, ದುಂಡಗೆ, ತಲೆ ತುಂಬ ಕೂದಲು. "ಕೂಸು ಹುಟ್ಟಿ ಐದು ತಿಂಗಳಾಯ್ತು, ಇನ್ನೂ ಅದನ್ನೇ ಹೇಳ್ತೀಯಲ್ಲೇ" ಎಂದು ನಮ್ಮ ಯಜಮಾನರು ಗೊಣಗುತ್ತಾರೆ. ಗೊಣಗಲಿ. ಮದುವೆಯಾದ ಒಂಬತ್ತು ವರ್ಷಕ್ಕೆ ನನ್ನ ಮಗಳು ಸುಮಾ ಹೆತ್ತ ಕೂಸು ಅದು. ಐದು ತಿಂಗಳಲ್ಲ, ಐದು ವರ್ಷ ಹೇಳಿಕೊಂಡು ತಿರುಗುತ್ತೇನೆ! ಅರಸೀಕೆರೆಯಲ್ಲಿ ಈ ಸುದ್ದಿ ಕೇಳದವರು ಯಾರಾದರೂ ಉಳಿದಿದ್ದರೆ ಅವರು ಊರಲ್ಲಿರಲಿಲ್ಲ ಅಂತಲೇ ಲೆಕ್ಕ.

ನಾನು ಓದಿದವಳಲ್ಲ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಒಲೆ ಮುಂದೆ ಕೂತವಳು. ಆದರೆ ತಾಲ್ಲೂಕು ಕಚೇರಿಯ ಗುಮಾಸ್ತರ ಜೊತೆ ಮೂವತ್ತೈದು ವರ್ಷ ಸಂಸಾರ ಮಾಡಿದ್ದೇನೆ. ಅವರು ರಿಟೈರ್ ಆದರೂ ಅವರ "ಸದರಿ", "ಮೇಲ್ಕಂಡ", "ತಮ್ಮ ಅವಗಾಹನೆಗೆ" ಎಲ್ಲ ನಮ್ಮ ಮನೆಯಲ್ಲೇ ಉಳಿದುಕೊಂಡಿವೆ. ಆದ್ದರಿಂದ ನನಗಾದ ಸದರಿ ಅನ್ಯಾಯವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಹೌದು, ಅನ್ಯಾಯವೇ!

ಸುಮಾ ಒಳಗೆ ನೋವು ತಿನ್ನುತ್ತಿದ್ದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಲೇಕಲ್ಲು ಬೆಟ್ಟದ ವೆಂಕಟರಮಣನಿಗೆ ಹರಕೆ ಕಟ್ಟಿಕೊಂಡೆ. "ಸ್ವಾಮಿ, ಎರಡು ಜೀವವೂ ಸುಖವಾಗಿ ಹೊರಗೆ ಬರಲಿ. ನನ್ನ ತೂಕದಷ್ಟು ಬೆಲ್ಲ ತುಲಾಭಾರ ಕೊಡ್ತೀನಿ. ಕೂಸನ್ನ ನಾನೇ ಎತ್ಕೊಂಡು ನಿನ್ನ ಮೆಟ್ಟಿಲು ಹತ್ತಿ ಬರ್ತೀನಿ." ಅರ್ಧ ಗಂಟೆಗೆ ಕೂಸು ಅತ್ತಿತು. ದೇವರು ತನ್ನ ಪಾಲಿನ ಕೆಲಸ ಮುಗಿಸಿದ. ಇನ್ನು ನನ್ನದು.

ಯಜಮಾನರಿಗೆ ಹೇಳಿದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಬೇರೆ ಯಾರ ತೂಕವೂ ಸಿಗಲಿಲ್ವೇನೇ ನಿನಗೆ? ಕೂಸಿನ ತೂಕ ಅಂದಿದ್ರೆ ಮೂರು ಕೆ.ಜಿ.ಲಿ ಮುಗೀತಿತ್ತು!"

ಕೂಸಿಗೆ ಮೂರು ತಿಂಗಳು ತುಂಬಿತು. ಐದನೇ ತಿಂಗಳಲ್ಲಿ ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಅಷ್ಟರಲ್ಲಿ ನನ್ನ ಎರಡು ಮಂಡಿಗಳು ಮುಷ್ಕರ ಹೂಡಿದವು. ಕೂಸನ್ನೆತ್ತಿಕೊಂಡು ಎದ್ದರೆ ಕಟಕ್, ಕೂತರೆ ಕಟಕ್. ಡಾಕ್ಟರು ತೂಕದ ಮಣೆ ಹತ್ತಿಸಿ, ಮುಳ್ಳು ನೋಡಿ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಎಪ್ಪತ್ತೆಂಟು!

"ಅಮ್ಮಾ, ಈ ಮಂಡಿ ನಿಮ್ಮನ್ನೇ ಹೊರಲಾರದೆ ಹೊರ್ತಾ ಇದೆ. ಎರಡು ತಿಂಗಳಲ್ಲಿ ಎಪ್ಪತ್ತಕ್ಕೆ ಬಂದ್ರೆ ಮಗು ಎತ್ಕೊಂಡು ಹತ್ತಿ. ಇಲ್ಲಾಂದ್ರೆ ಬರೀಗೈಯಲ್ಲಿ ಹತ್ತಿ. ಅನ್ನ ಕಮ್ಮಿ ಮಾಡಿ, ಬೆಳಿಗ್ಗೆ ಬೆಳಿಗ್ಗೆ ನಡೀರಿ."

ಬರೀಗೈಯಲ್ಲಿ! ಒಂಬತ್ತು ವರ್ಷ ಕಾದ ಕೈ ಇವು! ಎಂಟು ಕೆ.ಜಿ. ಏನು ಮಹಾ? ನಾಲ್ಕು ಮದುವೆಗೆ ಆಗುವಷ್ಟು ಚಕ್ಕುಲಿ ಒಬ್ಬಳೇ ಸುತ್ತಿದವಳು ನಾನು. ಇಳಿಸಿಬಿಡುತ್ತೇನೆ ಎಂದು ಡಾಕ್ಟರ ಎದುರಿಗೇ ಸೆರಗು ಸಿಕ್ಕಿಸಿಕೊಂಡು ಬಂದೆ.

ಮಾರನೇ ದಿನದಿಂದ ಅನ್ನ ಬಂದ್! ಬೆಳಿಗ್ಗೆ ಒಂಬತ್ತಕ್ಕೆ ಒಂದು ಲೋಟ ಮಜ್ಜಿಗೆ ಕುಡಿದು ದೇವರ ಮುಂದೆ ದೀಪ ಹಚ್ಚಿದೆ. ಒಂಬತ್ತೂವರೆಗೆ ಹೊಟ್ಟೆಯೊಳಗೆ ಯಾರೋ ಪಾತ್ರೆ ಉರುಳಿಸಿದ ಸದ್ದು. ಹತ್ತೂಕಾಲಿಗೆ ನನ್ನ ಕಾಲುಗಳು ನನ್ನನ್ನು ಕೇಳದೆ ಅಡುಗೆಮನೆಗೆ ನಡೆದವು. ಹನ್ನೊಂದಕ್ಕೆ ಯಜಮಾನರು ಬಂದು ನೋಡಿದಾಗ ನಾನು ನಿಪ್ಪಟ್ಟಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

"ಇದೇನೇ ಇದು?"

"ಅನ್ನ ಬಿಟ್ಟಿದ್ದೀನಲ್ರೀ!"

"ನಿಪ್ಪಟ್ಟು ಅಕ್ಕಿ ಹಿಟ್ಟಿಂದು ಕಣೇ!"

"ಡಾಕ್ಟರು ಅನ್ನ ಅಂದರೇ ಹೊರತು ಅಕ್ಕಿ ಅನ್ನಲಿಲ್ಲ."

ಇದಕ್ಕೆ ಅವರು ಕಚೇರಿ ಬುದ್ಧಿ ಉಪಯೋಗಿಸಿದರು. ಒಂದು ಹಾಳೆಯಲ್ಲಿ "ಈ ಮೂಲಕ ತಿಳಿಯಪಡಿಸುವುದೇನೆಂದರೆ" ಎಂದು ಶುರುಮಾಡಿ ನಿಪ್ಪಟ್ಟು, ಕೋಡುಬಳೆ, ಅವಲಕ್ಕಿ, ಮಂಡಕ್ಕಿ ಎಲ್ಲದರ ಹೆಸರು ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದರು. ಡಬ್ಬಿಗಳನ್ನೆಲ್ಲ ಅಟ್ಟಕ್ಕೆ ಏರಿಸಿದರು. ನಾನು ಕಟ್ಟಿದ ಸಂಸಾರ, ನಾನು ಕರಿದ ಕೋಡುಬಳೆ, ನನಗೇ ನಿಷೇಧ! ಹಸಿವಿಗಿಂತ ಆ ಕಾಗದ ನೋಡಿದಾಗಲೇ ಹೊಟ್ಟೆ ಹೆಚ್ಚು ಉರಿಯುತ್ತಿತ್ತು. ಅದನ್ನು ಓದುತ್ತಾ ನಿಂತರೆ ಒಂದೊಂದು ಹೆಸರಿಗೂ ಬಾಯಲ್ಲಿ ನೀರು ಬರುತ್ತಿತ್ತು ಎನ್ನುವುದು ಬೇರೆ ಮಾತು.

ಅವರು ಒಂದು ಡಬ್ಬಿ ಮರೆತಿದ್ದರು. ಬಾಣಂತಿ ಕೋಣೆಯದು.

ಸುಮಾಗೆಂದು ನಾನೇ ಅಂಟಿನುಂಡೆ ಕಟ್ಟಿಟ್ಟಿದ್ದೆ. ಒಣಕೊಬ್ಬರಿ, ಗೋಡಂಬಿ, ಖರ್ಜೂರ, ತುಪ್ಪದಲ್ಲಿ ಅರಳಿಸಿದ ಅಂಟು, ಎಲ್ಲ ಸೇರಿಸಿ ಮುಷ್ಟಿಗಾತ್ರದ್ದು. ಬಾಣಂತಿ ತಿನ್ನುವ ವಸ್ತು ಕೆಟ್ಟಿದೆಯೋ ಏನೋ ನೋಡಬೇಕಾದ್ದು ತಾಯಿಯ ಧರ್ಮ ತಾನೆ? ಬೆಳಿಗ್ಗೆ ಒಮ್ಮೆ ನೋಡಿದೆ. ಮಧ್ಯಾಹ್ನ ಕೆಟ್ಟಿರಬಹುದೆಂದು ಮತ್ತೆ ನೋಡಿದೆ. ಕೂಸನ್ನು ತಟ್ಟಿ ಮಲಗಿಸುತ್ತಾ ಎಡಗೈಯಲ್ಲಿ ಇನ್ನೊಂದು. ಹದಿನೈದು ದಿನಕ್ಕೆ ಬರಬೇಕಾದ ಡಬ್ಬಿ ಆರನೇ ದಿನಕ್ಕೆ ಟಣಟಣ ಎಂದಿತು.

"ಅಮ್ಮಾ," ಸುಮಾ ಖಾಲಿ ಡಬ್ಬಿ ಎತ್ತಿ ಹಿಡಿದು ಕೇಳಿದಳು, "ಬಾಣಂತಿ ನಾನೋ, ನೀನೋ?"

ಹೆತ್ತ ಮಗಳು ಕೇಳುವ ಮಾತೇ ಇದು!

ಅವಮಾನವಾಗಿ, ಇನ್ನು ಶನಿವಾರ ಶನಿವಾರ ಉಪವಾಸವೆಂದು ಸಾರಿದೆ. ವೆಂಕಟರಮಣನ ವಾರ, ಪುಣ್ಯಕ್ಕೆ ಪುಣ್ಯ, ತೂಕವೂ ಇಳಿಯಬೇಕು. ಆದರೆ ಉಪವಾಸವೆಂದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ನಮ್ಮತ್ತೆ ಕಾಲದಿಂದ ಬಂದದ್ದು, ನಾನು ಬಿಡುವ ಹಾಗಿಲ್ಲ. ಫಲಾಹಾರಕ್ಕೆ, ದೇವರ ಹೆಸರು ಹೇಳಿ ಅಟ್ಟದಿಂದ ಇಳಿಸಿದ ಅವಲಕ್ಕಿಯಲ್ಲಿ ಗೊಜ್ಜವಲಕ್ಕಿ, ಸಬ್ಬಕ್ಕಿ ಪಾಯಸ, ರವೆ ಉಪ್ಪಿಟ್ಟು, ನಾಲ್ಕು ಬಾಳೆಹಣ್ಣು. ಭಕ್ತಿಗೆ ಕೊರತೆಯಾಗಬಾರದೆಂದು ತುಪ್ಪ ಒಂದು ಸೌಟು ಜಾಸ್ತಿ. ಉಪವಾಸ ಮಾಡಿದ ದಿನ ನನಗೆ ಮಧ್ಯಾಹ್ನ ನಿದ್ದೆಯಿಂದ ಏಳಲಿಕ್ಕೇ ಆಗುತ್ತಿರಲಿಲ್ಲ!

ನಡಿಗೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ, ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬೆಳಗಿನ ಆರಕ್ಕೆ ಹೊರಟರೆ ರೈಲ್ವೆ ಸ್ಟೇಷನ್‌ವರೆಗೆ, ಅಲ್ಲಿಂದ ವಾಪಸು. "ಪರವಾಗಿಲ್ಲ ಕಣೇ, ಹಟ ಇದೆ ನಿನಗೆ" ಎಂದು ಯಜಮಾನರೇ ಹೊಗಳಿದರು. ಒಂದು ತಿಂಗಳಾದ ಮೇಲೆ, ಎಷ್ಟು ಇಳಿದಿದೆಯೋ ನೋಡೋಣವೆಂದು ಅವರೂ ಜೊತೆಗೆ ಬಂದರು. ಸ್ಟೇಷನ್ನಿನಲ್ಲಿ ಬಣ್ಣದ ಬಲ್ಬು ತಿರುಗುವ ತೂಕದ ಯಂತ್ರ ಇತ್ತಲ್ಲ, ಅದನ್ನು ಹತ್ತಿದೆ. ಗುರ್ ಎಂದು ಚೀಟಿ ಉದುರಿತು. ಯಜಮಾನರು ಮೊದಲು ಭವಿಷ್ಯ ಓದಿದರು: "ನಿಮ್ಮ ಕಷ್ಟಗಳು ದಿನೇ ದಿನೇ ಕರಗುವುವು." ಆಮೇಲೆ ಚೀಟಿ ತಿರುಗಿಸಿದರು. ಎಪ್ಪತ್ತೊಂಬತ್ತು!

"ದಿನಾ ನಡೆದೂ ಏರಿದೆಯಲ್ಲೇ! ಹೇಗೆ?"

"ಯಂತ್ರ ಕೆಟ್ಟಿದೆ ರೀ. ನಿಂತಾಗಲೇ ಗುರ್ ಅಂತು, ಕೇಳಲಿಲ್ವಾ?"

ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ವಡೆ ಕರಿಯುವವನು ಜಾಲರಿ ಎತ್ತಿ ಕೂಗಿದ: "ಅಮ್ಮಾ, ಬನ್ನಿ ಬನ್ನಿ! ದಿನದ ಹಾಗೆ ಎರಡಾ? ಯಜಮಾನ್ರೂ ಬಂದವ್ರೆ, ನಾಲ್ಕು ಹಾಕ್ಲಾ?"

ಯಜಮಾನರು ಚೀಟಿ ಮಡಚಿ ಜೇಬಿಗಿಟ್ಟು ಮನೆಯ ಕಡೆ ತಿರುಗಿದರು. ಅಷ್ಟು ದೂರ ನಡೆದವಳಿಗೆ ಹಸಿವಾಗುತ್ತದೆಂಬ ಕನಿಕರ ಬೇಡವೇ? ಡಾಕ್ಟರು ನಡಿ ಅಂದರು. ಬರೀ ಹೊಟ್ಟೆಯಲ್ಲಿ ನಡಿ ಅಂದರೇ?

ಇದೆಲ್ಲ ಸಹಿಸಿಕೊಂಡೆ. ನನ್ನ ಹೊಟ್ಟೆ ನಿಜವಾಗಿ ಉರಿದದ್ದು ಎದುರುಮನೆ ಗೌರಮ್ಮನಿಂದ. ಜಾವಗಲ್ ಕಡೆಯವಳು. ಬಾಯಿ ಜೋರು, ಮನಸ್ಸು ಒಳ್ಳೆಯದು ಎನ್ನುತ್ತಾರೆ. ಬಾಯಿಯನ್ನಷ್ಟೇ ನಾನು ನೋಡಿರುವುದು. ನಲ್ಲಿಯ ಹತ್ತಿರ ನಾಲ್ಕು ಜನ ಹೆಂಗಸರ ಮುಂದೆ ಬಿಂದಿಗೆ ಇಟ್ಟು ಕೇಳಿಯೇಬಿಟ್ಟಳು:

"ಅಲ್ಲ ಕಣಕ್ಕಾ, ಹರಕೆ ಹೊತ್ಕೊಳ್ಳೋವಾಗ ಗುಂಡುಕಲ್ಲಂಗಿದ್ದೆ. ಈಗ ಕೊಡೋ ಟೈಮಲ್ಲಿ ಹೊಟ್ಟೆ ಕಟ್ಟಿ ಇಳಿಸ್ತಾ ಇದ್ದೀಯಂತೆ. ದೇವ್ರಿಗೆ ಬೆಲ್ಲ ಕಮ್ಮಿ ಮಾಡಾಕಾ?"

ನನ್ನ ಕೈಯಿಂದ ಬಿಂದಿಗೆ ಜಾರಿತು.

"ಏನಂದೆ? ನಾನು ದೇವರಿಗೆ ಟೋಪಿ ಹಾಕ್ತೀನಾ?"

"ನಾನಂದಿಲ್ಲಕ್ಕ, ಊರೇ ಅಂತೈತೆ."

ಊರಂತೆ! ಅಲ್ಲಿದ್ದದ್ದು ನಾಲ್ಕು ಜನ, ಅವರಲ್ಲಿ ಒಬ್ಬಳಿಗೆ ಕಿವಿ ಕೇಳಿಸದು!

ಮನೆಗೆ ಬಂದು ಅತ್ತುಬಿಟ್ಟೆ. ಯಜಮಾನರು ಸಮಾಧಾನ ಮಾಡುವ ಬದಲು ತಲೆ ಕೆರೆದುಕೊಂಡರು. "ವಿಷಯ ಪರಿಶೀಲಿಸಬೇಕಾದ್ದೇ. ಹರಕೆ ಹೊತ್ತ ದಿನದ ತೂಕವೋ, ತಕ್ಕಡಿ ಹತ್ತಿದ ದಿನದ ತೂಕವೋ?" ಎಂದರು. ನೋಡಿ, ನನ್ನ ಪಾಡು! ಇಳಿದರೆ ದೇವರಿಗೆ ಮೋಸ, ಇಳಿಯದಿದ್ದರೆ ಕೂಸು ಕೈಗಿಲ್ಲ. ಹೆಂಗಸಿನ ಹೊಟ್ಟೆಯ ಮೇಲೆ ಊರು, ದೇವರು, ಡಾಕ್ಟರು ಮೂವರೂ ಏಕಕಾಲಕ್ಕೆ ಹಕ್ಕು ಸಾಧಿಸಿದ ಉದಾಹರಣೆ ಬೇರೆಲ್ಲಾದರೂ ಇದೆಯೇ?

ಆ ವಾರ ಗೌರಮ್ಮನ ಮನೆಯಲ್ಲಿ ಒಬ್ಬಟ್ಟು. ಕರೆದಳು. ನಾನು ಹೋದೆ. ಅವಳ ಎದುರಿಗೇ ಚಕ್ಕಳಮಕ್ಕಳ ಕೂತು, ಅವಳ ಕಣ್ಣಲ್ಲಿ ಕಣ್ಣಿಟ್ಟು, ಒಂದಾದ ಮೇಲೊಂದು ಆರು ಒಬ್ಬಟ್ಟು ತಿಂದೆ. ರುಚಿಗಲ್ಲ. ನನ್ನ ಪ್ರಾಮಾಣಿಕತೆಯ ರುಜುವಾತಿಗೆ. ಏಳನೆಯದು ಮಾತ್ರ ರುಚಿಗೆ.

ಕೊನೆಗೆ ಆ ದಿನ ಬಂತು. ಬೇಲೂರಿನಿಂದ ಅಳಿಯ ರಮೇಶ ಬಂದ. ಅಲ್ಲಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು, ಕಡ್ಡಿಯ ಹಾಗಿದ್ದಾನೆ. ಹೆಂಡತಿಯ ತವರಿನಲ್ಲಿ ಎಷ್ಟು ಉಣ್ಣಿಸಿದರೂ ಮೈಗೆ ಹತ್ತದ ಜಾತಿ. ಅಂಥವರನ್ನು ನೋಡಿದರೇ ನನಗೆ ಈಚೆಗೆ ಸಿಟ್ಟು. ಟೆಂಪೋದಲ್ಲಿ ಯಜಮಾನರು, ಸುಮಾ, ಕೂಸು, ಅಳಿಯ, ನಾನು, ಸಾಕ್ಷಿಗೆಂದು ತಾನಾಗಿ ಬಂದ ಗೌರಮ್ಮ. ಹಿಂದೆ ಕೊಬ್ಬರಿ ಮಂಡಿಯಿಂದ ಕೇಳಿ ತಂದ ದೊಡ್ಡ ತಕ್ಕಡಿ, ಮೂಟೆಗಳಲ್ಲಿ ಅಚ್ಚುಬೆಲ್ಲ. ಯಜಮಾನರು ಸುಮ್ಮನಿರಲಾರದೆ ಎಪ್ಪತ್ತೈದು ಕೆ.ಜಿ. ತರಿಸಿದ್ದರು. "ಎಪ್ಪತ್ತಕ್ಕೆ ಬಂದಿದ್ರೆ ಐದು ಕೆ.ಜಿ. ದೇವರಿಗೆ ಹೆಚ್ಚಾಗೇ ಹೋಗಲಿ" ಎಂದು ನನ್ನ ಮೇಲೆ ವಿಶ್ವಾಸ ಇಟ್ಟಿದ್ದರು. ಪಾಪ.

ಬೆಟ್ಟದ ಬುಡದಲ್ಲಿ ಮರದ ಕೊಂಬೆಗೆ ತಕ್ಕಡಿ ಕಟ್ಟಿದರು. ಅರ್ಚಕರು ಮಂತ್ರ ಶುರುಮಾಡಿದರು. ಕೂಸು ನನ್ನ ಸೆರಗು ಬಿಡಲಿಲ್ಲ, ಅದನ್ನೂ ಮಡಿಲಲ್ಲಿಟ್ಟುಕೊಂಡು ತಟ್ಟೆಯ ಮೇಲೆ ಕೂತೆ. ಎದುರು ತಟ್ಟೆಗೆ ಬೆಲ್ಲ ಪೇರಿಸಿದರು. ಒಂದು ಮೂಟೆ, ಎರಡು ಮೂಟೆ, ಮೂರನೆಯದೂ ಬಂತು. ಖಾಲಿ ಮೂಟೆ ಕೊಡವಿದರು. ಪುಡಿಯೂ ಬಿತ್ತು.

ನನ್ನ ತಟ್ಟೆ ಅಲುಗಲಿಲ್ಲ.

ದೇವಸ್ಥಾನಕ್ಕೆ ಬಂದವರೆಲ್ಲ ಸುತ್ತ ಸೇರಿದರು. ಯಾರೋ ಕಿಸಕ್ ಎಂದರು. ತಟ್ಟನೆ ನನಗೆ ಹೊಳೆಯಿತು.

"ಕೂಸಿನ ತೂಕ! ಕೂಸಿನ ತೂಕ ಸೇರಿಬಿಟ್ಟಿದೆ ಸ್ವಾಮಿ!"

"ಹೌದಲ್ಲ!" ಎಂದು ಅರ್ಚಕರೂ ನಕ್ಕರು. ಕೂಸನ್ನು ಅಳಿಯ ಎತ್ತಿಕೊಂಡ. ನನ್ನ ತಟ್ಟೆ ಒಂದು ಗೇಣು ಮೇಲಕ್ಕೆದ್ದಂತೆ ಮಾಡಿತು. ನಾನು ಕೈ ಮುಗಿದೆ. ತಟ್ಟೆ ಒಮ್ಮೆ ತೂಗಿ, ಯೋಚಿಸಿ, ನಿಧಾನವಾಗಿ ನೆಲಕ್ಕೆ ಬಂದು ಕೂತಿತು!

ಯಜಮಾನರು ಚಪ್ಪಲಿ ಕೂಡ ಮೆಟ್ಟದೆ ಹಣ್ಣುಕಾಯಿ ಅಂಗಡಿಗಳಿಗೆ ಓಡಿದರು. ಒಂದು ಅಂಗಡಿಯಲ್ಲಿ ಎರಡು ಅಚ್ಚು, ಇನ್ನೊಂದರಲ್ಲಿ ನಾಲ್ಕು. ಅವು ಬಿದ್ದವು. ಸಾಲದು. ಕೊನೆಗೆ ಗೌರಮ್ಮ ತನ್ನ ಚೀಲದಿಂದ, ಯಾವುದೋ ತನ್ನ ಹರಕೆಗೆಂದು ತಂದಿದ್ದ ಎರಡು ಅಚ್ಚು ತೆಗೆದು ತಟ್ಟೆಯ ಮೇಲಿಟ್ಟಳು. ನಾನು ನೆಲ ಬಿಟ್ಟು ಎದ್ದೆ. ಒಟ್ಟು ಎಂಬತ್ತು!

"ಇಲ್ಲ ಕಣಕ್ಕಾ," ಗೌರಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ನೀನು ದೇವ್ರಿಗೆ ಮೋಸ ಮಾಡಿಲ್ಲ. ತಪ್ಪಾಯ್ತು ಕಣಕ್ಕ!"

ಹೀಗೆ ನನ್ನ ಮೇಲಿದ್ದ ಆರೋಪ ಸಾರ್ವಜನಿಕರ ಸಮ್ಮುಖದಲ್ಲಿ ವಜಾ ಆಯಿತು. ಆದರೆ ಕೂಸು? ಯಜಮಾನರು ನನ್ನ ಮುಖ ನೋಡದೆ "ರಮೇಶಾ, ಮಗೂನ ನೀನೇ ಎತ್ಕೋಪ್ಪ" ಎಂದರು. ಸಿಟ್ಟು ಯಾರ ಮೇಲೆ ಮಾಡಲಿ? ವಡೆಯವನ ಮೇಲೆಯೇ?

ಬರೀಗೈಯಲ್ಲಿ ಹತ್ತಿದೆ. ಅಳಿಯ ಮುಂದೆ, ಡ್ರಿಲ್ಲಿನ ಹೆಜ್ಜೆ ಹಾಕುತ್ತಾ. ಅವನ ಹೆಗಲ ಮೇಲಿಂದ ಕೂಸು ನನ್ನನ್ನೇ ನೋಡುತ್ತಿತ್ತು. ಒಂದೆರಡು ಕಡೆ ಕೂತು ಸುಧಾರಿಸಿಕೊಂಡೆ. ಮೇಲಿನ ಗೋಪುರ ಕಾಣುವ ಹೊತ್ತಿಗೆ ಕೂಸು ಕಿಟಾರನೆ ಕಿರುಚಿಕೊಂಡಿತು. ಅಳಿಯ ಕುಣಿಸಿದ, ನಿಲ್ಲಲಿಲ್ಲ. ಸುಮಾ ಎತ್ತಿಕೊಂಡಳು, ನಿಲ್ಲಲಿಲ್ಲ. ಮುಖ ಕಪ್ಪಿಟ್ಟಿತು. ಎರಡು ಕೈಯೂ ನನ್ನ ಕಡೆಗೆ!

ಸುಮಾ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. "ಇನ್ನು ಮೂವತ್ತು ಮೆಟ್ಟಿಲು ಅಷ್ಟೇ ಅಪ್ಪಾ" ಎಂದಳು. ಕೂಸನ್ನು ನನ್ನ ಕೈಗಿಟ್ಟಳು.

ಆ ಕೂಸು ತಕ್ಷಣ ಬಾಯಿ ಮುಚ್ಚಿತು. ನನ್ನ ಕತ್ತಿಗೆ ಮುಖ ಒರೆಸಿಕೊಂಡಿತು.

ಹತ್ತಿದೆ ನೋಡಿ! ಮಂಡಿ ಕಟಕ್ ಎಂದಿತು, ಎನ್ನಲಿ ಬಿಡು ಎಂದೆ. ಯಜಮಾನರು ಹಿಂದೆ ಎರಡು ಕೈ ಚಾಚಿಕೊಂಡು, ನಾನು ಬಿದ್ದರೆ ಹಿಡಿಯಲು ಬರುತ್ತಿದ್ದರು. ಐವತ್ತು ಕೆ.ಜಿ. ಮನುಷ್ಯ! ನಾನು ಬಿದ್ದಿದ್ದರೆ ಅವರು ಹಿಡಿಯುವುದಿರಲಿ, ಆಮೇಲೆ ಹುಡುಕಬೇಕಾಗುತ್ತಿತ್ತು. ಆದರೆ ಬೀಳಲಿಲ್ಲ. ಸ್ವಾಮಿಯ ಎದುರು ಕೂಸನ್ನು ಮಲಗಿಸಿದಾಗ ನನಗೆ ಎದುರಿನ ದೀಪ ಎರಡೆರಡಾಗಿ ಕಂಡಿತು. ಕಣ್ಣಲ್ಲಿ ನೀರು. ಹಸಿವಿನಿಂದಲ್ಲ.

ಸಂಜೆ ಮನೆಗೆ ಬಂದಾಗ ಟೆಂಪೋದಿಂದ ನನ್ನನ್ನು ಇಳಿಸಲು ಮೂವರು ಬೇಕಾದರು. ಮಂಡಿಗಳು ಬಾಗಲಾರೆವೆಂದು ಖಚಿತವಾಗಿ ತಿಳಿಸಿದವು. ನಡುಮನೆಯ ಮಂಚದ ಮೇಲೆ ಮರದ ದಿಮ್ಮಿಯ ಹಾಗೆ ಉರುಳಿಸಿದರು. ಅಡುಗೆಮನೆಗೆ ನಾನು ಬರುವ ಹಾಗಿಲ್ಲವೆಂದು ಎಲ್ಲರೂ ಎಲೆಗಳನ್ನು ತಂದು ನನ್ನ ಮಂಚದ ಸುತ್ತಲೇ ಹಾಕಿಕೊಂಡರು. ಸುಮಾ ಒಂದು ಕಡೆ, ಅಳಿಯ ಒಂದು ಕಡೆ, ಪಕ್ಕದ ತೊಟ್ಟಿಲಲ್ಲಿ ಕೂಸು. ಗೌರಮ್ಮ ಒಂದು ಪಾತ್ರೆ ಅವರೆಕಾಳಿನ ಹುಳಿ ಕಳಿಸಿದ್ದಳು. ಯಜಮಾನರೇ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಂತರು.

"ನಿನಗೇನು ಹಾಕಲೇ?"

"ಏನೂ ಬೇಡ ರೀ. ಹಸಿವಿಲ್ಲ."

ಅಳಿಯನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಸುಮಾ ಎದ್ದು ಬಂದು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಯಜಮಾನರು ಸೌಟು ಕೆಳಗಿಟ್ಟು "ಡಾಕ್ಟರನ್ನ ಕರೀಲಾ?" ಎಂದರು. ತಮಾಷೆಗಲ್ಲ, ನಿಜವಾಗಿ ಹೆದರಿದ್ದರು.

ಅಷ್ಟರಲ್ಲಿ ಹುಳಿಯ ಮೇಲಿನ ಇಂಗಿನ ಒಗ್ಗರಣೆ ಘಂ ಎಂದು ಮಂಚದವರೆಗೆ ಬಂತು.

"ಆಗಲಿ, ಇಷ್ಟು ಬಲವಂತ ಮಾಡ್ತೀರಿ, ಸ್ವಲ್ಪ ಹಾಕಿ" ಎಂದೆ.

ಯಾರೂ ಬಲವಂತ ಮಾಡಿರಲಿಲ್ಲ.