ಗೌರಮ್ಮನನ್ನು ಬದುಕಿಸಿದ್ದು

ಮೊದಲ ಕಾದಂಬರಿಯನ್ನು ನಿಶ್ಚಿಂತೆಯಿಂದ ಬರೆಯಬಹುದು, ಯಾರೂ ಕಾಯುತ್ತಿರುವುದಿಲ್ಲ. ಎರಡನೆಯದರ ಹೊತ್ತಿಗೆ ಒಬ್ಬ ಓದುಗರಾದರೂ ಹುಟ್ಟಿಕೊಂಡಿರುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ. ನನಗೆ ಹುಟ್ಟಿಕೊಂಡ ಓದುಗರು ನಮ್ಮ ಅತ್ತೆ, ಹೆಂಡತಿ ಸುಮಾಳ ತಾಯಿ.

ಯಶವಂತಪುರಕ್ಕೆ ಮೆಟ್ರೊ ಹೊಸದಾಗಿ ಬಂದಿದ್ದ ಕಾಲ. ಮತ್ತಿಕೆರೆಯ ಬಾಡಿಗೆ ಮನೆಯಲ್ಲಿ ಕೂತು ನಾನೊಂದು ವೈಜ್ಞಾನಿಕ ಕಾದಂಬರಿ ಬರೆದಿದ್ದೆ. ಗುರುಗ್ರಹದಾಚೆಗೆ ಹೊರಟ ನೌಕೆ, ಅದರ ಕ್ಯಾಪ್ಟನ್ ವಿಕ್ರಮ, ಅಡುಗೆಯ ಗೌರಮ್ಮ. ಓದುಗರು ಅಳಲಿ ಅಂತ ಕೊನೆಯಲ್ಲಿ ಗೌರಮ್ಮನನ್ನು ಸಾಯಿಸಿದ್ದೆ. ಅವಳ ಬಿಳಿ ಉಡುಪು ಕತ್ತಲಲ್ಲಿ ತೇಲಿಹೋಗುವುದನ್ನು ವಿಕ್ರಮ ಕಿಟಕಿಯಿಂದ ನೋಡುತ್ತಾನೆ. ಪ್ರಕಾಶಕರು ನನ್ನನ್ನು ಕೇಳದೆ ಮುಖಪುಟದ ಮೇಲೆ 'ಸರಣಿಯ ಮೊದಲ ಪುಸ್ತಕ' ಎಂದು ಹಾಕಿಸಿಬಿಟ್ಟರು. ಅಲ್ಲಿಗೆ ಎರಡನೆಯದು ನನ್ನ ತಲೆಯ ಮೇಲೆ ಬಿತ್ತು.

ನಮ್ಮ ಜೊತೆಯೇ ಇದ್ದ ಅತ್ತೆ ಜಕ್ಕೂರಿನವರು. ತಲೆಯ ಮೇಲೆ ತರಬೇತಿ ವಿಮಾನಗಳು ಸುತ್ತುತ್ತಿದ್ದರೆ ಕತ್ತೆತ್ತಿ ನೋಡದೆ ಬಟ್ಟೆ ಒಣಗಹಾಕಿದವರು. ನೌಕೆ ಅವರಿಗೆ ದೊಡ್ಡ ವಿಷಯವಾಗಲಿಲ್ಲ. ಆದರೆ ಗೌರಮ್ಮ ಬೈದುಕೊಂಡೇ ಬಡಿಸುವವಳು, ಸಾರಿಗೆ ಬೆಲ್ಲ ಹಾಕು ಅಂದರೆ ಸೌಟು ತೋರಿಸುವವಳು. ಅದು ಯಾರೆಂದು ಅತ್ತೆಗೆ ತಕ್ಷಣ ಗೊತ್ತಾಯಿತು. ಪುಸ್ತಕ ಮುಗಿಸಿ ನನ್ನ ಜೊತೆ ಮಾತು ಬಿಟ್ಟರು. ಆಮೇಲೊಂದು ಬೆಳಿಗ್ಗೆ ಕಾಫಿ ಇಡುತ್ತಾ, "ಬೈಯೋದ್ನೆಲ್ಲ ಬರ್ದಿದೀರಿ, ಇರ್ಲಿ. ಇಂಗೆ ಸಾಯಿಸ್ಬಾರ್ದಿತ್ತು, ಅಳಿಯಂದ್ರೇ," ಅಂದರು.

ಸುಮಾಳ ಹತ್ತಿರ ನ್ಯಾಯ ಕೇಳಿದೆ. ಅಮ್ಮನನ್ನು ಬದುಕಿಸಿಬಿಡಿ, ಮನೆಯಲ್ಲಿ ನೆಮ್ಮದಿ ಇರುತ್ತದೆ ಅಂದಳು. ಅವಳಿಗೇನು, ಹೇಳಿಬಿಟ್ಟಳು. ಗಾಳಿಯಿಲ್ಲದ ಕಡೆ ಬಿದ್ದವಳನ್ನು ಯಾವ ವಿಜ್ಞಾನ ಬದುಕಿಸುತ್ತದೆ? ಗೊತ್ತಿದ್ದ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ, ಆಫೀಸಿನಲ್ಲೂ ಅದೇ ಯೋಚನೆ. ಕೊನೆಗೆ ದಾರಿ ತೋರಿಸಿದವರು ಅತ್ತೆಯೇ. ಒಲೆಯ ಮೇಲೆ ಹಾಲಿಟ್ಟು ಆಚೆ ಹೋಗುವ ಹೆಂಗಸಲ್ಲ ಅವಳು, ತೇಲಿಹೋದದ್ದು ಬರೀ ಬಟ್ಟೆ, ನಿಮ್ಮ ಕ್ಯಾಪ್ಟನ್ ಸರಿಯಾಗಿ ನೋಡಿಲ್ಲ ಅಂದರು.

ಹಾಗೆಯೇ ಬರೆದೆ. ಬದುಕಿಬಂದ ಗೌರಮ್ಮ ಅಡುಗೆಮನೆಯಲ್ಲಿ ನಿಲ್ಲಲಿಲ್ಲ. ಎಂಜಿನಿಯರುಗಳನ್ನು ಗದರಿಸಿದಳು, ದಾರಿ ತಪ್ಪಿದ ನೌಕೆಯನ್ನು ತಾನೇ ತಿರುಗಿಸಿದಳು. ಪುಸ್ತಕ ಬಂದ ಮೇಲೆ ಪ್ರಕಾಶಕರು ಫೋನ್ ಮಾಡಿದರು. ಗೌರಮ್ಮ ಎಲ್ಲರಿಗೂ ಹಿಡಿಸಿದ್ದಾಳಂತೆ, ಮೂರನೆಯದು ಬೇಗ ಬೇಕಂತೆ. ಆದರೆ ಆ ವಿಕ್ರಮ ಇರಲೇಬೇಕೇ ಎಂದು ಮೆಲ್ಲಗೆ ಕೇಳಿದರು.

ವಿಕ್ರಮ ಯಾರೆಂದು ನಾನು ಯಾರಿಗೂ ಹೇಳಿರಲಿಲ್ಲ. ನನಗಿಂತ ಸ್ವಲ್ಪ ಎತ್ತರ, ತಲೆತುಂಬ ಕೂದಲು, ಅಷ್ಟೇ ವ್ಯತ್ಯಾಸ. ಫೋನ್ ಸ್ಪೀಕರಿನಲ್ಲಿತ್ತು, ಅತ್ತೆ ಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿಸಿಕೊಂಡು ನನ್ನ ಮುಖ ನೋಡಿದರು.

"ಸಾಯಿಸ್ಬೇಡಿ, ಪಾಪ. ಯಾವ್ದಾದ್ರೂ ಗ್ರಹದಲ್ಲಿ ಇಳಿಸ್ಬಿಡಿ. ಗೌರಮ್ಮ ಬುತ್ತಿ ಕಟ್ಟಿಕೊಡ್ತಾಳೆ."

ಈಗ ನನಗಾಗಿ ಗಾಳಿ ಬೆಳಕು ಚೆನ್ನಾಗಿರುವ ಒಂದು ಗ್ರಹ ಹುಡುಕುತ್ತಿದ್ದೇನೆ.