ಗೀಜಗ ಕೂಗಿದ ಹೆಸರು

ನಿಮ್ಮ ತಾತ ಹಕ್ಕಿ ಹಿಡಿಯುವವರಾಗಿದ್ದರು. ಓದುತ್ತಾ ನಗಬೇಡಿ ಮಕ್ಕಳೇ! ಈ ಒಂದು ಮಾತಿನಿಂದ ನನ್ನ ಮದುವೆಯೇ ಮುರಿದುಬೀಳುವುದರಲ್ಲಿತ್ತು.

ಕೊಣನೂರು ಸಂತೆಯಲ್ಲಿ ಯಾರೋ ನಮ್ಮಪ್ಪನ ಕಿವಿಗೆ ಹಾಕಿದರಂತೆ: ಹೊಳೆನರಸೀಪುರದ ಕಡೆಯ ಆ ಗಂಡು ಓದಿದವನೇ, ಜಮೀನೂ ಇದೆ, ಆದರೆ ಬೆಳಗಾದರೆ ಹಕ್ಕಿ ಹಿಡಿಯಲು ಹೋಗುತ್ತಾನೆ. ಎದೆಯ ಮೇಲೆ ಲಿಂಗ ಕಟ್ಟಿದ ಮನೆ ನಮ್ಮದು. ಹಿಡಿದ ಹಕ್ಕಿಯನ್ನು ಅವನು ಏನು ಮಾಡುತ್ತಾನೆ, ಪೂಜೆಯೇ? ಅಪ್ಪ ತರಕಾರಿ ಚೀಲವನ್ನು ಅಲ್ಲೇ ಮರೆತು ಮನೆಗೆ ಬಂದರು. ಆಮೇಲೆ ಗಂಡಿನ ಸೋದರಮಾವ ಓಡಿಬಂದು ಸಮಜಾಯಿಷಿ ಕೊಟ್ಟರು.

"ಹಕ್ಕಿ ಹಿಡಿಯಾಕಿಲ್ಲ ಯಜಮಾನ್ರೆ, ಹಕ್ಕಿ ಫೋಟೋ ಹಿಡೀತಾನೆ."

"ಮನುಷ್ಯರ್‌ದು ಯಾಕ್ ಹಿಡಿಯಾಕಿಲ್ಲ?"

"ಅವರವ್ವ ಬುಡಾಕಿಲ್ಲ."

ಪಾಪಿಯಲ್ಲ, ಬರೀ ಹುಚ್ಚ ಎಂದು ತಿಳಿದಾಗ ಅಪ್ಪನಿಗೆ ಎಷ್ಟು ಸಮಾಧಾನವಾಯಿತೆಂದರೆ, ಆವತ್ತೇ ವೀಳ್ಯ ಬದಲಾಯಿಸಿಬಿಟ್ಟರು!

ಅವರವ್ವ, ಅಂದರೆ ನಮ್ಮತ್ತೆ, ಬಿಡದಿರುವುದಕ್ಕೆ ಕಾರಣವಿತ್ತು. ನಮ್ಮ ಮಾವನವರು ಒಂದು ಸಲ ಹಾಸನದಲ್ಲಿ ಕುರ್ಚಿಯ ಮೇಲೆ ಕೂತು ಫೋಟೋ ತೆಗೆಸಿಕೊಂಡರಂತೆ. ಅದೇ ವರ್ಷ ತೀರಿಕೊಂಡರಂತೆ. ಅಂದಿನಿಂದ ಅತ್ತೆಯ ಕಟ್ಟಪ್ಪಣೆ: ಫೋಟೋ ಹಿಡಿದರೆ ಮನುಷ್ಯರ ಆಯಸ್ಸು ತಗ್ಗುತ್ತದೆ, ಈ ಮನೆಯಲ್ಲಿ ಯಾರದೂ ಕೂಡದು. ಹಕ್ಕಿಗಳ ಆಯಸ್ಸಿನ ಬಗ್ಗೆ ಅವರೇನೂ ಹೇಳಿರಲಿಲ್ಲ. ಆ ಸಂದಿಯಲ್ಲಿ ನುಸುಳಿ ನಿಮ್ಮ ತಾತ, ವಿಲಾಯಿತಿಗೆ ಹೊರಟಿದ್ದ ಯಾರೋ ಕಾಫಿ ತೋಟದ ದೊರೆಯಿಂದ ಒಂದು ಮಡಿಸುವ ಕ್ಯಾಮೆರಾ ಕೊಂಡು ತಂದಿದ್ದರು.

ಅತ್ತೆ ನನಗೂ ಆಯಸ್ಸಿನ ಪಾಠ ಹೇಳಿಕೊಟ್ಟಿದ್ದರು. ಹೆಂಡತಿ ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ತಗ್ಗುತ್ತದೆ. ನನಗೋ, ಹೆಸರಿರಲಿ, ನಿಮ್ಮ ತಾತನ ಮುಂದೆ ಮಾತೇ ಹೊರಡುತ್ತಿರಲಿಲ್ಲ. ಚನ್ನರಾಯಪಟ್ಟಣದ ಆಸ್ಪತ್ರೆಯಲ್ಲಿ ಗಂಡನ ಹೆಸರೇನಮ್ಮ ಎಂದು ಕೇಳಿದಾಗ ನಾನು ತಲೆ ತಗ್ಗಿಸಿ ನಿಂತೇ ಇದ್ದೆ. ಪಾಪ, ಈಕೆ ಮೂಗಿ ಎಂದುಕೊಂಡು ಡಾಕ್ಟರು ಗಂಟಲಿಗೇ ಔಷಧಿ ಕೊಟ್ಟು ಕಳಿಸಿದರು. ನಾನು ಹೋದದ್ದು ಕಾಲುನೋವಿಗೆ!

ಆ ಮಳೆಗಾಲ ನಮ್ಮ ಹಿತ್ತಲ ಬಾವಿಯ ಮೇಲೆ ಬಾಗಿದ್ದ ಜಾಲಿ ಮರದಲ್ಲಿ ಗೀಜಗಗಳು ಗೂಡು ಕಟ್ಟಿದವು. ಹಕ್ಕಿಗಳು ಬೆದರುತ್ತವೆಂದು ನಿಮ್ಮ ತಾತ ಕೂಡಲೇ ಬಾವಿಗೆ ನೀರೆತ್ತುವ ಎತ್ತಿನ ಕಪಿಲೆ ಹೂಡುವುದನ್ನು ನಿಲ್ಲಿಸಿಬಿಟ್ಟರು. ಬಿಂದಿಗೆ ಇಳಿಸುವ ಹಾಗಿಲ್ಲ, ಬಟ್ಟೆ ಒಗೆಯುವ ಹಾಗಿಲ್ಲ. ಹಿತ್ತಲಲ್ಲೇ ಬಾವಿ ಇಟ್ಟುಕೊಂಡು ನಾನೂ ಅತ್ತೆಯೂ ಹೊಳೆಯಿಂದ ನೀರು ಹೊತ್ತೆವು. ಅತ್ತೆ ಬೆಳಗಿನಿಂದ ಸಂಜೆಯವರೆಗೆ ಹಿತ್ತಲ ಬಾಗಿಲಲ್ಲಿ ನಿಂತು ಮಗನ ಹೆಸರು ಕೂಗಿ ಕೂಗಿ ಬೈಯುತ್ತಿದ್ದರು. ಗೂಡುಗಳನ್ನು ದೋಟಿಯಿಂದ ಕಿತ್ತು ಒಲೆಗೆ ಹಾಕುತ್ತೇನೆಂದು ಕೊನೆಗೆ ಗಡುವನ್ನೂ ಕೊಟ್ಟರು. ಬರುವ ಸೋಮವಾರ!

ನಿಮ್ಮ ತಾತ ಕ್ಯಾಮೆರಾದ ಪೆಟ್ಟಿಗೆ ತೆರೆದು ನೋಡಿದರು. ಯುದ್ಧ ಶುರುವಾಗಿ ಹಾಸನದ ಅಂಗಡಿಗೆ ಫೋಟೋ ಮೂಡುವ ಗಾಜಿನ ಪ್ಲೇಟು ಬರುವುದು ನಿಂತಿತ್ತು. ಉಳಿದಿದ್ದದ್ದು ಒಂದೇ ಒಂದು. ಅದರಲ್ಲಿ ಗೀಜಗ ಗೂಡಿನೊಳಗೆ ನುಗ್ಗುವುದೇ ಸಿಗಬೇಕೆಂದು ಅವರ ಹಟ. ಗೀಜಗದ ಗೂಡಿಗೆ ಬಾಗಿಲು ಎಲ್ಲಿರುತ್ತದೆ? ಕೆಳಗೆ! ಕೆಳಗೆ ಏನಿದೆ? ಬಾವಿ!

ಭಾನುವಾರ ಮಧ್ಯಾಹ್ನ ಕಪಿಲೆಯ ಹಗ್ಗಕ್ಕೆ ಊಟದ ಮಣೆಯೊಂದನ್ನು ಉಯ್ಯಾಲೆಯಂತೆ ಕಟ್ಟಿ, ಆಳಿನಿಂದ ಇಳಿಸಿಕೊಂಡು, ಹಗ್ಗವನ್ನು ಕಲ್ಲುಕಂಬಕ್ಕೆ ಬಿಗಿಸಿದರು. ಕೆಮ್ಮುತ್ತಾನೆಂದು ಆಳನ್ನು ಹೊಲಕ್ಕೆ ಅಟ್ಟಿದರು. ಕಾವಲಿಗೆ ನಾನು.

"ನೀನೇ ಸರಿ. ನೀನು ಮಾತಾಡಾಕಿಲ್ಲ," ಎಂದು ಕೆಳಗಿನಿಂದ ಪಿಸುಗುಟ್ಟಿದರು. ಮೆಚ್ಚುಗೆಯೋ ದೂರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಬಾವಿ ತುಂಬಿತ್ತು. ಹೇಮಾವತಿಯ ಪಕ್ಕದಲ್ಲೇ ಹುಟ್ಟಿ ಬೆಳೆದ ಆ ಮಹಾನುಭಾವರಿಗೆ ಈಜು ಬರುತ್ತಿರಲಿಲ್ಲ. ಹೊಳೆಗೆ ಹೋದಾಗಲೆಲ್ಲ ಮೇಲೆ ನೋಡಿದವರೇ ಹೊರತು ಕೆಳಗೆ ನೋಡಿದವರಲ್ಲ. ಮಣೆಯ ಮೇಲೆ ಕೂತು, ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿ, ಕಲ್ಲಾಗಿಬಿಟ್ಟರು. ಗೀಜಗಗಳು ಮೊದಲು ಗಲಾಟೆ ಮಾಡಿದವು, ಆಮೇಲೆ ಇದೂ ಒಂದು ಕಲ್ಲೇ ಎಂದುಕೊಂಡು ಹತ್ತಿರ ಬರತೊಡಗಿದವು.

ಆಗ ಕರ್ ಎಂದು ಸಣ್ಣ ಸದ್ದು. ನೋಡುತ್ತೇನೆ, ಬಾವಿಯ ಅಂಚಿನ ಕಲ್ಲಿಗೆ ಉಜ್ಜಿ ಉಜ್ಜಿ ಹಗ್ಗದ ಒಂದು ಎಳೆ ಬಿಚ್ಚಿಕೊಳ್ಳುತ್ತಿದೆ.

ಬಳೆ ಅಲ್ಲಾಡಿಸಿದೆ. ಅವರು ಕೈಯಾಡಿಸಿ ಸುಮ್ಮನಿರು ಎಂದರು. ಸಣ್ಣ ಕಲ್ಲೊಂದನ್ನು ನೀರಿಗೆ ಹಾಕಿದೆ. ಕಣ್ಣು ಕೆಂಪಗೆ ಮಾಡಿದರು. ಇನ್ನೊಂದು ಎಳೆ ಹೋಯಿತು. "ಏನೂಂದ್ರೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಊಟಕ್ಕೆ ಕರೆಯುತ್ತಿದ್ದೇನೆಂದು ತಿಳಿದು ಆಮೇಲೆ ಎಂದು ಸನ್ನೆ ಮಾಡಿದರು! ಎಳೆದುಕೊಳ್ಳಲು ನನ್ನಲ್ಲಿ ಬಲವಿಲ್ಲ. ಆಳು ಹೊಲದಲ್ಲಿ. ಹಗ್ಗ ಜಡೆಯ ತುದಿಯಷ್ಟು ತೆಳ್ಳಗಾಗಿತ್ತು. ಹೆಸರು ಹೇಳಿದರೆ ಆಯಸ್ಸು ತಗ್ಗುತ್ತದೆ. ಹೇಳದಿದ್ದರೆ ಆಯಸ್ಸು ಅಲ್ಲಿಗೇ ಮುಗಿಯುತ್ತದೆ. ಯಾವ ಅತ್ತೆಯೂ ಇದಕ್ಕೆ ಉತ್ತರ ಹೇಳಿಕೊಟ್ಟಿರುವುದಿಲ್ಲ.

ಬಾವಿಗೆ ಬಗ್ಗಿ, ಹೊಟ್ಟೆಯೊಳಗಿನ ಉಸಿರನ್ನೆಲ್ಲ ಸೇರಿಸಿ, ಅವರ ಹೆಸರು ಕೂಗಿದೆ. ಹಿಂದೆ ಮುಂದೆ ಗೌರವದ ಒಂದಕ್ಷರವೂ ಇಲ್ಲದ ಬರೀ ಹೆಸರು!

ಬಾವಿ ಅದನ್ನು ಮತ್ತೆ ಮತ್ತೆ ಕೂಗಿತು. ಗೀಜಗಗಳೆಲ್ಲ ಒಟ್ಟಿಗೆ ಹಾರಿಹೋದವು. ಅವರು ಬೆಚ್ಚಿದರು, ಕ್ಯಾಮೆರಾ ಕ್ಲಿಕ್ಕೆಂದಿತು. ನಾನು ಹಗ್ಗದ ಕಡೆ ಬೆರಳು ತೋರಿಸಿದೆ. ಮಣೆಯನ್ನು ಒಮ್ಮೆ ಬಲವಾಗಿ ತೂಗಿ, ಗೋಡೆಯಿಂದ ಚಾಚಿದ್ದ ಮೆಟ್ಟಿಲುಗಲ್ಲನ್ನು ತಬ್ಬಿಕೊಂಡರು. ಹಗ್ಗ ಕಿತ್ತು ಮಣೆ ನೀರಿಗೆ ಬಿತ್ತು.

ಅವರು ಮೇಲೆ ಹತ್ತಿ ಬರುವ ಹೊತ್ತಿಗೆ ಅತ್ತೆ ಹಿತ್ತಲ ಬಾಗಿಲಲ್ಲಿದ್ದರು.

"ಯಾರ್ಲಾ ನಿನ್ ಹೆಸರು ಕೂಗಿದ್ದು?"

ನಿಮ್ಮ ತಾತ ನನ್ನ ಮುಖ ನೋಡಿದರು. "ಗೀಜಗ ಕಣವ್ವ."

"ಗೀಜುಗುಕ್ಕೆ ನಿನ್ ಹೆಸರು ಎಂಗ್ಲಾ ಗೊತ್ತು?"

"ಮಳೆಗಾಲ್ದಿಂದ ಇಲ್ಲೇ ನಿಂತ್ಕಂಡು ಕೂಗ್ತಾ ಇದ್ದೀಯಲ್ಲವ್ವ. ಕಲ್ತ್ಕಂಬುಟ್ಟೈತೆ."

ಅತ್ತೆ ಮರವನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋದರು. ಸೋಮವಾರ ಬಂತು, ಹೋಯಿತು. ಗೂಡುಗಳಿಗೆ ದೋಟಿ ತಾಗಲಿಲ್ಲ. ಮಗನ ಹೆಸರು ಹೇಳುವ ಹಕ್ಕಿಯ ಗೂಡನ್ನು ಯಾವ ತಾಯಿ ಕೀಳುತ್ತಾಳೆ?

ರಾಗಿ ಇಡುವ ಕತ್ತಲೆ ಕೋಣೆಯಲ್ಲಿ ಆ ಕೊನೆಯ ಪ್ಲೇಟು ತೊಳೆದರು. ಮೂಲೆಯಲ್ಲೊಂದು ಖಾಲಿ ಗೂಡು. ನಡುವೆ ಆಕಾಶ, ಅದರ ತುಂಬ ಬಾಯಿ ತೆರೆದ ನನ್ನ ಮುಖ. ನಾನು ಅವರ ಆಯಸ್ಸು ತಗ್ಗಿಸಿದ ಗಳಿಗೆಯಲ್ಲೇ ಅವರು ನನ್ನ ಆಯಸ್ಸು ತಗ್ಗಿಸಿದ್ದರು! ಅತ್ತೆಯ ಕಣ್ಣಿಗೆ ಬೀಳದಂತೆ ಅದನ್ನು ಬಚ್ಚಿಟ್ಟರು. ಆಮೇಲೆ ಯಾರಾದರೂ ಬಂದು ನಿಮ್ಮ ಫೋಟೋಗಳಲ್ಲೆಲ್ಲ ಒಳ್ಳೆಯದು ಯಾವುದು ಎಂದು ಕೇಳಿದರೆ, ಒಂದು ಅಪರೂಪದ ಹಕ್ಕಿ ಸಿಕ್ಕಿದೆ, ತೋರಿಸುವ ಹಾಗಿಲ್ಲ ಎನ್ನುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ.

ತಗ್ಗಿದ ಆಯಸ್ಸಿನಲ್ಲೇ ಅವರು ನಿಮ್ಮನ್ನೆಲ್ಲ ತೊಡೆಯ ಮೇಲೆ ಆಡಿಸಿ ಹೋದರು. ತಗ್ಗಿದ ಆಯಸ್ಸಿನಲ್ಲೇ ನಾನಿನ್ನೂ ಕೂತಿದ್ದೇನೆ. ತಾತನ ಹೆಸರು ಇದರಲ್ಲಿ ಎಲ್ಲೂ ಇಲ್ಲವಲ್ಲ ಎಂದು ಕೇಳುತ್ತೀರಿ. ನಿಮ್ಮಪ್ಪನನ್ನು ಕೇಳಿ. ಈಗ ತಗ್ಗುವುದಕ್ಕೆ ಅವರ ಆಯಸ್ಸು ಉಳಿದಿಲ್ಲ, ಬರೆಯಬಹುದು. ಆದರೂ ಕೈ ಬರಲಿಲ್ಲ.

ಮೊನ್ನೆ ನೀವೆಲ್ಲ ಹೊರಗೆ ಹೋಗಿದ್ದಾಗ ಬಾವಿಯ ಹತ್ತಿರ ಹೋದೆ. ಜಾಲಿಯಲ್ಲಿ ಈ ವರ್ಷವೂ ಗೂಡುಗಳಿವೆ. ಯಾರೂ ಇಲ್ಲವೆಂದು ಸುತ್ತ ನೋಡಿಕೊಂಡು, ಬಗ್ಗಿ, ಮೆಲ್ಲಗೆ ಒಂದು ಸಲ ಕೂಗಿದೆ. ಬಾವಿ ಅದನ್ನು ಮತ್ತೆ ಮತ್ತೆ ಹೇಳಿತು.

ಈ ಸಲ ಒಂದು ಹಕ್ಕಿಯೂ ಹಾರಲಿಲ್ಲ.