ಕೊಡೆಗೆ ನೂರಾ ಮೂವತ್ತಾರು

ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾರ ಹೃದಯವೂ ನನ್ನ ಅಪ್ಪಣೆಯಿಲ್ಲದೆ ಹೆಚ್ಚುಕಮ್ಮಿ ಬಡಿಯಕೂಡದು! ಕಚೇರಿಯಲ್ಲಿ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಮುಗಿಸಿ, ಪ್ರಮಾಣಪತ್ರವನ್ನು ಎದೆಗವಚಿಕೊಂಡು, ಮೂರನೇ ಮಹಡಿಯ ಮನೆಗೆ ಒಂದೇ ಉಸಿರಿನಲ್ಲಿ ಮೆಟ್ಟಿಲು ಹತ್ತುತ್ತ ನಾನು ಕೈಗೊಂಡ ಘೋರ ಪ್ರತಿಜ್ಞೆ ಇದು. ನಾಡಿ ನೋಡುವ ಪಾಠದ ಹೊತ್ತಿಗೆ ಕಾಫಿಗೆ ಎದ್ದು ಹೋಗಿದ್ದೆ, ನಿಜ. ಆದರೆ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು ಎಂಬ ಮುಖ್ಯ ಭಾಗ ಬಾಗಿಲಲ್ಲೇ ಕಿವಿಗೆ ಬಿದ್ದಿತ್ತು. ಯಾವ ಬೆರಳಿನಲ್ಲಿ ಹಿಡಿಯಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೋಂದಣಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಜನರ ಹೆಬ್ಬೆಟ್ಟು ಒತ್ತಿಸಿಕೊಂಡವನು ನಾನು. ಐದು ಬೆರಳುಗಳಲ್ಲಿ ಸರ್ಕಾರ ನಂಬುವುದು ಹೆಬ್ಬೆರಳನ್ನು. ನಾನೂ ಅಷ್ಟೇ.

ಒಳಗೆ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಚೀಲ ತುಂಬುತ್ತಿದ್ದರು. ಮರುದಿನ ಬೆಳಿಗ್ಗೆ ಗೆಳತಿಯರ ಜೊತೆ ಬಸ್ಸಿನಲ್ಲಿ ಸಮುದ್ರ ನೋಡಲು ಹೊರಟಿದ್ದರು. ಎಪ್ಪತ್ತು ವರ್ಷದ ಬಾಳಿನಲ್ಲಿ ಅವರಿಗೆ ಅದೇ ಮೊದಲ ಸಮುದ್ರ.

ಅವರ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ ಎಣಿಸಿದೆ. ತೊಂಬತ್ತಾರು!

"ಅತ್ತೆ, ನಿಮ್ಮ ನಾಡಿ ಓಡ್ತಾ ಇದೆ."

"ಬೆಳಿಗ್ಗೆ ಬಸ್ ಹಿಡೀಬೇಕಲ್ಲ, ಅಭ್ಯಾಸ ಮಾಡ್ಕೊಳ್ತಿರಬೇಕು," ಎಂದರು ಅತ್ತೆ.

ಅನುಮಾನ ಬಂದು ಹೆಂಡತಿಯ ಕೈ ಹಿಡಿದೆ. ಅದೂ ತೊಂಬತ್ತಾರು. ಹಾಗಾದರೆ ವಂಶಪಾರಂಪರ್ಯ! ನನ್ನ ಎದೆ ಡವಡವ ಎನ್ನತೊಡಗಿತು. ಅಷ್ಟರಲ್ಲಿ ಕೆಳಗಿನ ಮನೆಯ ಬಡಗಿ ಏಣಿ ವಾಪಸು ಕೊಡಲು ಬಂದ. ಅವನನ್ನೂ ಬಿಡಲಿಲ್ಲ. ನೂರಾ ಎಂಟು. ವಂಶದ ಕಾಯಿಲೆಯಲ್ಲ, ಅಂಟುರೋಗ! ಅದನ್ನು ಬಾಯಿಬಿಟ್ಟು ಹೇಳಿದ್ದೇ ತಡ, ಬಡಗಿ ಏಣಿಯನ್ನು ಅಲ್ಲೇ ಒರಗಿಸಿ ನಾಪತ್ತೆಯಾದ.

ಮತ್ತೆ ಅತ್ತೆಯ ಕೈ ಹಿಡಿದೆ. ನೂರಾ ಇಪ್ಪತ್ತನಾಲ್ಕು.

"ಎಣಿಸಿದಷ್ಟೂ ಏರ್ತಾ ಇದೆ ಕಣೇ," ಎಂದೆ.

"ಹಾಗಾದ್ರೆ ಎಣಿಸೋದು ನಿಲ್ಸಿ," ಎಂದಳು ಹೆಂಡತಿ.

ಅಂಥ ಬೇಜವಾಬ್ದಾರಿ ಸಲಹೆಗೆ ನಾನು ಕಿವಿಗೊಡಲಿಲ್ಲ. "ಸಮುದ್ರ ರದ್ದು," ಎಂದು ಘೋಷಿಸಿದೆ. ಅತ್ತೆ ಚೀಲದಿಂದ ಹೊಸ ಚಪ್ಪಲಿ ತೆಗೆದು ಮೆಲ್ಲಗೆ ಮಂಚದ ಕೆಳಗಿಟ್ಟರು. ನನ್ನ ಕರುಳು ಚುರುಕ್ ಎಂದಿತು. ಆದರೆ ಪ್ರಮಾಣಪತ್ರ ಪಡೆದವನು ಕರುಳಿನ ಮಾತು ಕೇಳಿದರೆ ನಡೆದೀತೆ?

"ಇವರನ್ನ ನಂಬಿ ಅಮ್ಮನ್ನ ಮನೇಲಿ ಕೂರಿಸೋಕಾಗಲ್ಲ," ಎಂದು ಹೆಂಡತಿ ನಮ್ಮಿಬ್ಬರನ್ನೂ ಬೀದಿ ತಿರುವಿನ ಕ್ಲಿನಿಕ್ಕಿಗೆ ಎಳೆದೊಯ್ದಳು. ಹೊರಗೆ ತುಂತುರು ಮಳೆ. ಅತ್ತೆ ತಮ್ಮ ಕೊಡೆ ಹಿಡಿದೇ ಬಂದರು. ನರ್ಸ್ ಅವರ ಮಣಿಕಟ್ಟಿಗೆ ಎರಡು ಬೆರಳಿಟ್ಟು ಗೋಡೆ ಗಡಿಯಾರ ನೋಡಿದಳು.

"ಎಪ್ಪತ್ತೆರಡು. ಚೆನ್ನಾಗಿದೆ."

"ಸಾಧ್ಯವೇ ಇಲ್ಲ," ಎಂದು ನಾನು ಅತ್ತೆಯ ಕೈ ಕಸಿದುಕೊಂಡು ಹೆಬ್ಬೆರಳು ಒತ್ತಿದೆ.

ನರ್ಸ್ ನನ್ನ ಹೆಬ್ಬೆರಳನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. "ಸಾರ್, ಅಮ್ಮನ ಕೈ ಬಿಡಿ. ಇದನ್ನ ಹಿಡ್ಕೊಂಡು ಎಣಿಸಿ," ಎಂದು ಅತ್ತೆಯ ಕೊಡೆಯ ಹಿಡಿಯನ್ನು ನನ್ನ ಕೈಗಿತ್ತಳು.

ಬಿಗಿಯಾಗಿ ಒತ್ತಿ ಎಣಿಸಿದೆ. ಮೂವತ್ತನಾಲ್ಕು. ನಾಲ್ಕರಿಂದ ಗುಣಿಸಿದೆ.

"ನೂರಾ ಮೂವತ್ತಾರು," ಎಂದೆ.

"ಹೆಬ್ಬೆರಳಿಗೆ ತನ್ನದೇ ಬಡಿತ ಇರುತ್ತೆ ಸಾರ್. ನೀವು ಇಷ್ಟು ಹೊತ್ತೂ ಎಣಿಸಿದ್ದು ನಿಮ್ಮ ನಾಡೀನೇ. ನೀವು ಹೆದರಿದಷ್ಟೂ ಅದು ಏರಿದೆ. ಬನ್ನಿ, ಸ್ವಲ್ಪ ಮಲಗಿ."

ಅತ್ತೆಗೆಂದು ಹಾಸಿದ್ದ ಹಾಸಿಗೆಯ ಮೇಲೆ ನಾನು ಮಲಗಿದೆ. ಸಾಕ್ಷಿಗೆಂದು ನಾನೇ ತಂದಿದ್ದ ಪ್ರಮಾಣಪತ್ರದಿಂದ ಹೆಂಡತಿ ನನಗೆ ಗಾಳಿ ಬೀಸಿದಳು. ಆ ಕಾಗದ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಮೋಡ ಕವಿದಿತ್ತು. ಅತ್ತೆ ಹೊಸ ಚಪ್ಪಲಿ ಮೆಟ್ಟಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ತಪ್ಪೊಪ್ಪಿಗೆಯ ರೂಪದಲ್ಲಿ ನಾನು ಅವರ ಕೊಡೆಯನ್ನು ಕಿಟಕಿಯತ್ತ ಚಾಚಿದೆ.

"ಬೇಡ ಅಳಿಯಂದ್ರೇ," ಎಂದರು ಅತ್ತೆ, ಗೆಳತಿಯರಿಗೆಲ್ಲ ಕೇಳುವ ಹಾಗೆ. "ಪಾಪ, ಅದಕ್ಕೆ ನೂರಾ ಮೂವತ್ತಾರು ಇದೆ. ಮನೇಲಿ ಮಲಗಿಸಿ, ಹುಷಾರಾಗಿ ನೋಡ್ಕೊಳ್ಳಿ."